ದಡದ ನಡುವೆ ಒಂದು ಸೊನ್ನೆ

೪ ಜನವರಿ

ಅಖಂಡ ಗಣಿತಸಾಮ್ರಾಜ್ಯದ ಸಾರ್ವಭೌಮರೂ, ಮಗ್ಗಿಮರ್ದನರೂ, ಭಿನ್ನರಾಶಿ ಭಯಂಕರರೂ, ಎಷ್ಟೋ ಮಕ್ಕಳ ಕಿವಿಗಳನ್ನು ಬಲಕ್ಕೆ ತಿರುಗಿಸಿ ಅವರ ಬುದ್ಧಿಯ ಬಾಗಿಲು ತೆರೆದವರೂ, ನಿವೃತ್ತರಾದರೂ ಕೆಂಪು ಮಸಿಯ ಪೆನ್ನನ್ನು ಜೇಬಿನಿಂದ ಕೆಳಗಿಳಿಸದವರೂ ಆದ ಪರಮಪೂಜ್ಯ ಸೋದರಮಾವನವರ ದಿವ್ಯಸನ್ನಿಧಾನಕ್ಕೆ,

ತಮ್ಮ ಒಬ್ಬಳೇ ತಂಗಿಯ ಒಬ್ಬಳೇ ಮಗಳು, ಇಪ್ಪತ್ತು ತುಂಬಿಯೂ ಬುದ್ಧಿ ತುಂಬದ ಈ ಅಲ್ಪಜೀವಿ, ಬಗ್ಗಿ ಬಗ್ಗಿ ಮಾಡಿಕೊಳ್ಳುವ ವಿಜ್ಞಾಪನೆ.

ನಾವು ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇನೆ. ಆರು ವರ್ಷದಿಂದ ತಮ್ಮಿಂದ ಒಂದಕ್ಷರವೂ ಬಾರದ ಕಾರಣ ನಂಬುವುದೊಂದೇ ದಾರಿ.

ಓದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಈಗ ತಕ್ಕಡಿ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಬೆಳಗ್ಗೆ ಷಟರ್ ಎತ್ತಿದ ಕೂಡಲೇ ನನ್ನ ಪಾಲಿಗೆ ಬರುವುದು ತಕ್ಕಡಿಗಳನ್ನೆಲ್ಲ ಸೊನ್ನೆಗೆ ತರುವ ಕೆಲಸ. ತಟ್ಟೆ ಖಾಲಿಯಿದ್ದಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು, ಅತ್ತ ಇತ್ತ ಅಲುಗಬಾರದು. ಬೇಸಿಗೆ ರಜಕ್ಕೆ ಬಂದ ಮಗುವನ್ನೂ ಬಿಡದೆ ಪರೀಕ್ಷೆ ಮಾಡಿ ಸೊನ್ನೆ ಕೊಟ್ಟ ಗುರುಗಳೇ, ಅದೇ ಸೊನ್ನೆಯಿಂದ ಇವತ್ತು ಅನ್ನ ಉಣ್ಣುತ್ತಿದ್ದೇನೆ. ತಮ್ಮ ಆಶೀರ್ವಾದ ಫಲಿಸಿತು.

ಇಲ್ಲಿಗೆ ತಮಾಷೆ ಮುಗಿಯಿತು. ಮುಂದಿನದು ಅಮ್ಮನ ವಿಷಯ.

ಅಮ್ಮ ಇನ್ನೂ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆಯೇ ಕೂರುತ್ತಾಳೆ. ಮೈಕಿನ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ತಡ ಅಂತ ಹೇಳುತ್ತಾಳೆ. ಅವಳ ಗಂಟಲಲ್ಲಿ ಗೋಲಿಯಷ್ಟು ದೊಡ್ಡ ಗಂಟು ಎದ್ದಿದೆ. ಕೆಟ್ಟದ್ದಲ್ಲ, ಆದರೆ ಬೆಳೆಯುತ್ತಿದೆ, ತೆಗೆಯಲೇಬೇಕು ಅಂದಿದ್ದಾರೆ ಡಾಕ್ಟರು. ದನಿ ಹೊರಡಿಸುವ ನರ ಅದಕ್ಕೆ ಅಂಟಿಕೊಂಡೇ ಹೋಗಿದೆಯಂತೆ. ಆಪರೇಷನ್ ಆದಮೇಲೆ ದನಿ ಮೊದಲಿನ ಹಾಗೇ ಬರಬಹುದು, ಕೀರಲಾಗಬಹುದು, ಬರದೆಯೂ ಹೋಗಬಹುದು. ಮಾರ್ಚಿ ಕೊನೆಗೆ ದಿನ ಗೊತ್ತು ಮಾಡಿದ್ದಾರೆ.

ಅದಕ್ಕೆ ಮೊದಲು ಒಂದು ಸಲ ಬಂದು ಅವಳ ಜೊತೆ ಮಾತಾಡಿ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ತಮ್ಮ ಪಾದದ ಧೂಳಿನ ಮೇಲೆ ಕೂತ ಧೂಳು,
ತಂಗಿಮಗಳು


೧೫ ಜನವರಿ

ತಂಗಿಮಗಳಿಗೆ ಆಶೀರ್ವಾದ.

ನಿನ್ನ ಪತ್ರ ಬಂತು. ಕಾಗುಣಿತದ ತಪ್ಪುಗಳನ್ನು ತಿದ್ದಿ ಇಟ್ಟುಕೊಂಡಿದ್ದೇನೆ.

ಮೊದಲು ಆ 'ಪರಮಪೂಜ್ಯ'ದ ವಿಚಾರ. ಹಳೆಯ ಲೆಕ್ಕದಲ್ಲಿ ಪೂಜ್ಯ ಅಂದರೆ ಸೊನ್ನೆ. ಎಂಟರಲ್ಲಿ ಎಂಟು ಕಳೆದರೆ ಪೂಜ್ಯ ಅಂತಲೇ ನಮಗೆ ಹೇಳಿಕೊಟ್ಟದ್ದು, ನಾನು ನಿನಗೆ ಹೇಳಿಕೊಟ್ಟದ್ದು. ಅದನ್ನು ಕೇಳಿದ ದಿನ ನೀನು ಇಡೀ ಮಧ್ಯಾಹ್ನ ನನ್ನನ್ನು 'ಪೂಜ್ಯರೇ, ಪೂಜ್ಯರೇ' ಅಂತ ಕರೆದುಕೊಂಡು ಓಡಾಡಿದ್ದು ನೆನಪಿದೆ. ಹಾಗಾದರೆ ಪರಮಪೂಜ್ಯ ಅಂದರೆ ದೊಡ್ಡ ಸೊನ್ನೆ. ಹೌದೋ ಅಲ್ಲವೋ?

ಅದೇ ರಜದಲ್ಲಿ ನನ್ನ ಬಾಗಿಲ ಮೇಲಿನ ೪ ನಂಬರಿನ ಪಕ್ಕ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದವಳೂ ನೀನೇ. ಅಂಚೆಯವನು ಹೊಸಬ. ನನ್ನ ಕಾಗದಗಳೆಲ್ಲ ೪೦ನೇ ಮನೆಗೆ ಹೋಗಿ, ಆ ಮನೆಯ ಹೆಂಗಸು ಅವನ್ನು ಒಡೆದು ಓದಿ, ಬೀದಿಯಲ್ಲಿ ನನ್ನನ್ನು ನೋಡಿ ನಗುವಂತಾಯಿತು. ಒಂದು ಸಲ ಹಾವು ತುಳಿದವನಿಗೆ ಹಗ್ಗವೂ ಹಾವೇ. ಹೀಗಿರುವಾಗ ನೀನು ಆಪರೇಷನ್ ಅಂದ ಕೂಡಲೇ ನಾನು ಚೀಲ ಎತ್ತಿಕೊಂಡು ಓಡಿ ಬರಬೇಕೆ? ಬಂದು ನೋಡಿದರೆ ನಿನ್ನ ಅಮ್ಮ ಹುಳಿ ಕಲಸಿಕೊಂಡು ಊಟ ಮಾಡುತ್ತಿರುತ್ತಾಳೆ, ನೀನು ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿರುತ್ತೀಯ.

ಫೋನು ಮಾಡಬೇಡ. ಫೋನಿನಲ್ಲಿ ಮುಖವೂ ಕಾಣುವುದಿಲ್ಲ, ಕೈಬರಹವೂ ಕಾಣುವುದಿಲ್ಲ.

ಇನ್ನು ನಾನು ಯಾಕೆ ಬರೆಯುತ್ತಿರಲಿಲ್ಲ ಅನ್ನುವುದು. ನಿನ್ನ ಅಪ್ಪ ಹಾಸಿಗೆ ಹಿಡಿದಾಗ ನಾನು ಬರಲಾಗಲಿಲ್ಲ, ನಿಜ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕಾಲ, ಬಿಟ್ಟು ಬರುವ ಹಾಗಿರಲಿಲ್ಲ. ಆದರೂ ಸುಮ್ಮನೆ ಕೂತಿರಲಿಲ್ಲ. ರೋಗಿಯನ್ನು ನೋಡಿಕೊಳ್ಳುವುದು ಹೇಗೆ ಅಂತ ನಾಲ್ಕು ಪುಟ ಬರೆದು ವೇಳಾಪಟ್ಟಿ ಸಮೇತ ಕಳಿಸಿದೆ. ಅದಕ್ಕೆ ನಿನ್ನ ಅಮ್ಮನಿಂದ ಬಂದ ಉತ್ತರ ಒಂದೇ ಸಾಲು. ಅದು ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ:

'ಅಣ್ಣಾ, ಕಷ್ಟಕಾಲಕ್ಕೆ ನೀನೊಬ್ಬ ನಮಗೆ ದಂಡ.'

ಸ್ವಲ್ಪ ದಿನಕ್ಕೆ ನಿನ್ನ ಅಪ್ಪ ಹೋದರು. ದಂಡ ಅನ್ನಿಸಿಕೊಂಡವನು ಯಾವ ಮುಖ ಇಟ್ಟುಕೊಂಡು ಬರಲಿ? ಅವಳು ಕರೆಯಲಿಲ್ಲ, ನಾನು ಬರಲಿಲ್ಲ.

ಇತಿ,
ಮಾವ


೨೪ ಜನವರಿ

ಸಂಶಯಸಿಂಹಾಸನಾಧೀಶ್ವರರಾದ ಮಾವನವರಿಗೆ ('ಪೂಜ್ಯ' ಬಿಟ್ಟಿದ್ದೇನೆ, ಗಮನಿಸಬೇಕು),

ತಮ್ಮ ಪತ್ರ ಓದಿ ನಾನು ನಡುಗಿಹೋದೆ. ಆ ಸಾಲಿಗಾಗಿ ಆರು ವರ್ಷವೇ?

ಅಮ್ಮನನ್ನು ಕೇಳಿದೆ. ಮೆಲ್ಲಗೆ, ಬೇರೇನೋ ಮಾತಿನ ನಡುವೆ, ಆ ಪತ್ರದಲ್ಲಿ ಏನು ಬರೆದಿದ್ದೆ ಅಂತ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: 'ಕಷ್ಟಕಾಲಕ್ಕೆ ನೀನೊಬ್ಬ ನಮಗೆ ದಡ ಅಂತ ಬರೆದೆ. ಅವನು ಅದಕ್ಕೆ ಉತ್ತರವನ್ನೂ ಬರೆಯಲಿಲ್ಲ, ಬರಲೂ ಇಲ್ಲ.'

ದಡ, ಮಾವ. ಹೊಳೆಯ ಪಾಲಾಗುತ್ತಿರುವವರು ಕೈಚಾಚುವ ದಡ. ನಡುವೆ ಒಂದು ಸೊನ್ನೆ ಬಿದ್ದು ದಂಡವಾಗಿಬಿಟ್ಟಿದೆ. ಏನೂ ಅಲ್ಲದ ಒಂದು ಉಂಗುರ ಮಾಡಿದ ಅನಾಹುತ ನೋಡಿ. ನಮ್ಮ ಭಾಷೆಯೇ ಹೀಗೆ. ಕಂದನ ಸೊನ್ನೆ ತೆಗೆದರೆ ಕದ. ಗುಡಿಗೆ ಸೊನ್ನೆ ಇಟ್ಟರೆ ಗುಂಡಿ. ವಂಶದ ಕುಡಿಗೆ ಸೊನ್ನೆ ಇಟ್ಟರೆ ಏನಾಗುತ್ತದೆ ಅಂತ ಹಿರಿಯರ ಮುಂದೆ ಹೇಳುವ ಹಾಗಿಲ್ಲ.

ಮೊನ್ನೆ ನಮ್ಮ ಅಂಗಡಿಗೆ ಒಂದು ತಕ್ಕಡಿ ಬಂತು. ತಟ್ಟೆ ಖಾಲಿ, ಮುಳ್ಳು ಮಾತ್ರ ಐವತ್ತು ಗ್ರಾಮಿನ ಮೇಲೆ. ಹತ್ತಿ ಇಟ್ಟರೂ ಐವತ್ತು ಜಾಸ್ತಿ, ಕಬ್ಬಿಣ ಇಟ್ಟರೂ ಐವತ್ತು ಜಾಸ್ತಿ. ಅದನ್ನು ತಂದಾತ ತರಕಾರಿಯೇ ಮೋಸ, ರೈತರೇ ಮೋಸ ಅಂತ ಬೈದುಕೊಂಡೇ ಬಂದ. ಇದರಲ್ಲಿ ತೂಕದ ತಪ್ಪಿಲ್ಲ, ಶುರುವಿನಲ್ಲೇ ತಪ್ಪಿದೆ ಅಂತ ಯಜಮಾನರು ಹೇಳಿ ಒಂದು ತಿರುಪು ತಿರುಗಿಸಿದರು.

ತಮ್ಮ ಮುಳ್ಳಿನ ಬಗ್ಗೆ ನಾನು ಏನನ್ನೂ ಹೇಳುತ್ತಿಲ್ಲ.

ಯಾವಾಗ ಬರುತ್ತೀರಿ? ಅಮ್ಮನ ದನಿ ಸಂಜೆಯ ಹೊತ್ತಿಗೆ ಒಡೆಯತೊಡಗಿದೆ. ಮೂರನೇ ಪ್ಲಾಟ್‌ಫಾರಂ ಅಂದರೆ ಜನ ಎಂಟನೆಯದಕ್ಕೆ ಹೋಗುತ್ತಿದ್ದಾರೆ.

ತಮ್ಮ ತಿರುಪು ಹಿಡಿದು ಕಾದಿರುವ,
ತಂಗಿಮಗಳು


೩ ಫೆಬ್ರವರಿ

ತಂಗಿಮಗಳಿಗೆ,

ನಿನ್ನ ಪತ್ರ ಬಂದ ದಿನವೇ ಮೇಜಿನ ಗಾಜು ಎತ್ತಿ ಆ ಕಾಗದ ಹೊರತೆಗೆದೆ. ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿನಲ್ಲಿ, ಒಂದು ಬೆಳಗ್ಗೆ ಪೂರ್ತಿ ನೋಡಿದೆ. ಕಂಡದ್ದನ್ನು ಹೇಳುತ್ತೇನೆ.

ಸೊನ್ನೆಯ ಮಸಿ ಉಳಿದ ಅಕ್ಷರಗಳ ಮಸಿಯೇ. ಒತ್ತೂ ಅದೇ, ಹಿಂದಿನ ಪುಟಕ್ಕೆ ಅದೇ ಅಳತೆಯಲ್ಲಿ ಉಬ್ಬಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಜಾಗ. ಆಮೇಲೆ ಯಾರೋ ತಂದು ಸೇರಿಸಿದ ಸೊನ್ನೆಯಾದರೆ ಎರಡು ಅಕ್ಷರಗಳ ನಡುವೆ ಇಕ್ಕಟ್ಟಿನಲ್ಲಿ ಕೂರಬೇಕು, ತುಂಬಿದ ಬಸ್ಸಿನಲ್ಲಿ ಮೂರನೆಯವನು ಕೂತ ಹಾಗೆ. ಇದು ಕಾಲು ಚಾಚಿಕೊಂಡು ಆರಾಮಾಗಿ ಕೂತಿದೆ. ಬರೆದವಳು ಜಾಗ ಬಿಟ್ಟೇ ಬರೆದಿದ್ದಾಳೆ. ಆದ್ದರಿಂದ ನೀನು ಸೇರಿಸಿದ್ದಲ್ಲ ಅಂತಾಯಿತು. ಅಷ್ಟರ ಮಟ್ಟಿಗೆ ನಿನ್ನನ್ನು ಬಿಟ್ಟಿದ್ದೇನೆ. ಆ ಪತ್ರವನ್ನು ಅಂಚೆಗೆ ಹಾಕಿದವಳು ನೀನೇ ಅಂತ ಗೊತ್ತಿದ್ದರಿಂದ, ದಡದ ಮಾತು ಓದಿದ ಕೂಡಲೇ ನಿನ್ನ ಮೇಲೆ ಅರ್ಧ ಅನುಮಾನ ಬಂದಿತ್ತು.

ಸೊನ್ನೆಯನ್ನು ಅನುಮಾನಿಸಿದವನು ನಾನೇ ಮೊದಲಿಗನಲ್ಲ. ದೂರದೇಶದ ವರ್ತಕರು ಮೊದಲು ಅದನ್ನು ಕಂಡಾಗ ಅವರಿಗೂ ಹೀಗೇ ಆಯಿತು. ತಾನು ಏನೂ ಅಲ್ಲ, ಪಕ್ಕದಲ್ಲಿ ಬಂದು ಕೂತರೆ ಪಕ್ಕದವನನ್ನು ಹತ್ತು ಪಟ್ಟು ಮಾಡುತ್ತದೆ. ಇಂಥ ಆಸಾಮಿಯನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಅವರು ಬರೆಯುವ ರೀತಿಯಲ್ಲಿ ಅದಕ್ಕೊಂದು ಬಾಲ ಎಳೆದರೆ ಆರು, ಇನ್ನೊಂದು ಕಡೆ ಎಳೆದರೆ ಒಂಬತ್ತು. ಒಂದು ನಗರದಲ್ಲಂತೂ ಲೆಕ್ಕವನ್ನು ಈ ಅಂಕಿಗಳಲ್ಲಿ ಬರೆಯಬೇಡಿ ಅಂತ ಕಟ್ಟಳೆಯನ್ನೇ ಮಾಡಿದ್ದರು. ಶೂನ್ಯಕ್ಕೆ ಅಲ್ಲಿಯ ಜನ ಮಾಡಿಕೊಂಡ ಪದವೇ ಬಾಯಿಂದ ಬಾಯಿಗೆ ದಾಟಿ ಕೊನೆಗೆ ಗುಟ್ಟಿನ ಬರಹಕ್ಕೂ ಹೆಸರಾಯಿತು. ನಮ್ಮ ಲಿಪಿಯಲ್ಲಿ ಇನ್ನೂ ಕಷ್ಟ. ಅಂಕಿಯ ಸೊನ್ನೆಗೂ ಅಕ್ಷರದ ಸೊನ್ನೆಗೂ ಒಂದೇ ವೇಷ. ಯಾರು ಯಾವ ಕಡೆಯವರು ಅಂತ ಗೊತ್ತಾಗುವುದಿಲ್ಲ.

ಸರಿ, ಈಗ ಉತ್ತರ ಕೊಡು. ನಿನ್ನ ಅಮ್ಮ ದಡ ಅಂತ ಬರೆಯಹೊರಟಿದ್ದರೆ, ಜಾಗ ಬಿಟ್ಟು ಸೊನ್ನೆ ಸುತ್ತಿದ್ದು ಯಾಕೆ?

ಇತಿ,
ಮಾವ


೧೧ ಫೆಬ್ರವರಿ

ಭೂತಗನ್ನಡಿಭೂಷಣರಾದ ಮಾವನವರಿಗೆ ಸಾಷ್ಟಾಂಗ ಬೀಳುತ್ತಾ, ಬಿದ್ದಲ್ಲಿಂದಲೇ ಬರೆಯುವುದು:

ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ನೆಗಡಿ.

ಅಮ್ಮ ಬರೆಯುವಾಗ ಪ್ರತಿ ಅಕ್ಷರವನ್ನೂ ಬಾಯಲ್ಲಿ ಅಂದುಕೊಂಡೇ ಬರೆಯುವವಳು, ತಮಗೂ ಗೊತ್ತು. ಆ ವಾರ ಅವಳಿಗೆ ಭಯಂಕರ ನೆಗಡಿ. ಮೂಗು ಕಟ್ಟಿದವರು ಮೂಗಿನಲ್ಲಿ ಮಾತಾಡುತ್ತಾರೆ. ಸೊನ್ನೆ ಮೂಗಿನ ಅಕ್ಷರ. ಬಾಯಲ್ಲಿ ದಡ ಅಂದದ್ದು ಮೂಗಿನಲ್ಲಿ ದಂಡವಾಯಿತು, ಕೈ ಕಿವಿಯ ಮಾತು ಕೇಳಿತು. ವೈದ್ಯಶಾಸ್ತ್ರ ಮತ್ತು ವ್ಯಾಕರಣಶಾಸ್ತ್ರ ಕೈಕೈ ಹಿಡಿದು ನಿಂತಿವೆ. ಇನ್ನೇನು ಬೇಕು?

ಇನ್ನೊಂದು ಸುದ್ದಿ. ಅಮ್ಮನ ಕಿಟಕಿಯ ಫೋನಿಗೆ ಈಗೀಗ ಒಬ್ಬ ವಿಚಿತ್ರ ಗಿರಾಕಿ. ಅಮ್ಮ ಎತ್ತಿ 'ಹಲೋ, ವಿಚಾರಣೆ' ಅನ್ನುತ್ತಾಳೆ. ಆ ಕಡೆ ಮಾತಿಲ್ಲ. ಯಾವ ಬಸ್ಸು ಬೇಕು ಅಂತ ಕೇಳುತ್ತಾಳೆ. ಮಾತಿಲ್ಲ. ಉಸಿರು ಮಾತ್ರ, ಆಮೇಲೆ ಇಟ್ಟುಬಿಡುತ್ತಾರೆ. ಪಕ್ಕದ ಟಿಕೆಟ್ ಕೌಂಟರಿನವಳು 'ನಿನಗೂ ಈ ವಯಸ್ಸಿಗೆ ಒಬ್ಬ ಸಿಕ್ಕಿದ ನೋಡಕ್ಕಾ' ಅಂತ ರೇಗಿಸುತ್ತಾಳಂತೆ. ಅಮ್ಮನಿಗೆ ನಗು ಬರುತ್ತಿಲ್ಲ. ಯಾರೋ ನಿಲ್ದಾಣದ ಮೇಲೆ ಕಣ್ಣಿಟ್ಟಿದ್ದಾರೆ, ದೂರು ಕೊಡಬೇಕು ಅನ್ನುತ್ತಿದ್ದಾಳೆ.

ನಾನಂತೂ ಯಾರ ಮೇಲೂ ಅನುಮಾನ ಪಡುವವಳಲ್ಲ. ಆ ಗುಣ ನಮ್ಮ ಮನೆತನದಲ್ಲಿ ಒಬ್ಬರಿಗೇ ಪೂರ್ತಿ ಬಂದುಬಿಟ್ಟು ಉಳಿದವರಿಗೆ ಸಾಲಲಿಲ್ಲ.

ತಮ್ಮ ನಿರ್ಮಲಹೃದಯದ,
ತಂಗಿಮಗಳು


೨೦ ಫೆಬ್ರವರಿ

ತಂಗಿಮಗಳಿಗೆ,

ನಿನ್ನ ನೆಗಡಿಗೆ ಸೊನ್ನೆ ಅಂಕ.

ಮೂಗು ಕಟ್ಟಿದರೆ ಮೂಗಿನ ಅಕ್ಷರ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೂಗು ಹಿಡಿದುಕೊಂಡು 'ಅಮ್ಮ' ಅಂದು ನೋಡು. 'ಅಬ್ಬ' ಆಗುತ್ತದೆ. ನಾನೇ ಹ್ಯಾಂಗರಿನ ಕ್ಲಿಪ್ಪು ಮೂಗಿಗೆ ಹಾಕಿಕೊಂಡು, ಬಾಗಿಲು ಮುಚ್ಚಿ, 'ದಂಡ ದಂಡ' ಅಂತ ಹೇಳಿ ನೋಡಿದೆ. 'ದಡ್ಡ' ಅಂತ ಬಂತು. ಆ ಹೊತ್ತಿಗೇ ಪಕ್ಕದ ಮನೆಯವರು ಕದ ತಟ್ಟಿದರು. ಕ್ಲಿಪ್ಪು ತೆಗೆಯುವುದು ಮರೆತು ಬಾಗಿಲು ತೆರೆದೆ. ಅವರು ಸಕ್ಕರೆ ಕೇಳಲು ಬಂದಿದ್ದವರು ಕೇಳದೆಯೇ ಹೋದರು.

ಆದ್ದರಿಂದ ಶಾಸ್ತ್ರಪ್ರಕಾರ, ನೆಗಡಿಯಾದವಳು ದಂಡವನ್ನು ದಡ ಮಾಡಿಯಾಳು, ದಡವನ್ನು ದಂಡ ಮಾಡಲಾರಳು. ನಿನ್ನ ಕಥೆ ನಿಲ್ಲುವುದಿಲ್ಲ.

ಈಗ ನನಗೆ ಎಲ್ಲದರ ಮೇಲೂ ಅನುಮಾನ. ಗಂಟು ಇದೆ ಅಂತ ನೀನು ಹೇಳುತ್ತೀಯ. ಡಾಕ್ಟರ ಚೀಟಿ ಕಳಿಸಿದರೂ ನಂಬುವುದು ಹೇಗೆ? ಡಾಕ್ಟರ ಕೈಬರಹವನ್ನು ಯಾರು ಬೇಕಾದರೂ ಬರೆಯಬಹುದು, ಓದಲು ಬರದಿದ್ದರೆ ಸಾಕು.

ಆ ಮಾತಾಡದ ಫೋನಿಗೂ ನನಗೂ ಯಾವ ಸಂಬಂಧವೂ ಇಲ್ಲ. ಬರೆದಿದ್ದೀಯ ಅಂತ ಹೇಳುತ್ತಿದ್ದೇನೆ. ಒಂದು ವೇಳೆ ಯಾರೋ ಪಾಪ ಬಸ್ಸಿನ ವಿಚಾರ ಕೇಳಲು ಮಾಡಿದ್ದರೂ, 'ಬಾಯಲ್ಲಿ ಏನು ಅವಲಕ್ಕಿ ಇಟ್ಟುಕೊಂಡಿದ್ದೀಯೇನಯ್ಯಾ' ಅಂತ ಅಷ್ಟು ಜೋರಾಗಿ ದಬಾಯಿಸುವುದು ಸರ್ಕಾರಿ ಕೆಲಸದಲ್ಲಿ ಇರುವವರಿಗೆ ಶೋಭೆಯಲ್ಲ. ಅದೂ ಗಂಟಲು ನೋವಿರುವವರಿಗೆ.

ಇತಿ,
ಮಾವ


೨ ಮಾರ್ಚ್

ಮಾವ,

ಅವಲಕ್ಕಿಯ ಮಾತು ನಾನು ಬರೆದಿರಲೇ ಇಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇದನ್ನು ಇಟ್ಟುಕೊಂಡು ನಾನು ಒಂದು ವರ್ಷ ನಗಬಹುದಿತ್ತು. ಈಗ ನಗಲು ಪುರುಸೊತ್ತಿಲ್ಲ. ಮಾರ್ಚಿ ಕೊನೆಯವರೆಗೆ ಕಾಯದೆ ಆಪರೇಷನ್ ಬೇಗ ಇಟ್ಟಿದ್ದಾರೆ, ಇದೇ ಹದಿನಾರಕ್ಕೆ. ನಿಮಗೆ ಫೋನಿನಲ್ಲಿ ಅವಳ ದನಿ ಕೇಳಿಸಿದೆ. ಹೇಗಿದೆ ಅಂತ ನಿಮಗೇ ಗೊತ್ತು. ಅದನ್ನು ನಾನು ಹುಟ್ಟಿಸಲಾರೆ.

ಒಂದು ವಿಷಯ ಕೇಳುತ್ತೇನೆ. ನಿಮ್ಮದೇ ಪಾಠ. ರಜದಲ್ಲಿ ನೀವು ಅಂಕ ಪಟ್ಟಿ ಬರೆಯುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಒಬ್ಬ ಹುಡುಗನ ಹೆಸರಿನ ಮುಂದೆ ಸೊನ್ನೆ ಹಾಕಿದಿರಿ, ಇನ್ನೊಬ್ಬನ ಮುಂದೆ ಒಂದು ಗೆರೆ ಎಳೆದಿರಿ. ಇಬ್ಬರಿಗೂ ಏನೂ ಬರಲಿಲ್ಲವಲ್ಲ, ಇಬ್ಬರಿಗೂ ಸೊನ್ನೆಯೇ ಹಾಕಿ ಅಂದೆ. ನೀವು ಪೆನ್ನು ಕೆಳಗಿಟ್ಟು ಹೇಳಿದಿರಿ, ಎರಡೂ ಒಂದೇ ಅಲ್ಲ, ಸೊನ್ನೆ ತೆಗೆದುಕೊಂಡವನು ಪರೀಕ್ಷೆಗೆ ಬಂದಿದ್ದ, ಮೂರು ಗಂಟೆ ಬೆವರಿದ, ಏನೂ ಗೊತ್ತಾಗದೆ ಹೋದ, ಅದಕ್ಕೂ ಒಂದು ಬೆಲೆಯಿದೆ, ಗೆರೆ ಎಳೆಸಿಕೊಂಡವನು ಬರಲೇ ಇಲ್ಲ.

ಅಪ್ಪ ಹೋದ ದಿನ ಮನೆ ತುಂಬ ಜನ. ಏನೂ ಮಾಡಲಾಗದವರೇ ಎಲ್ಲರೂ. ಬಂದರು, ಮೂಲೆಯಲ್ಲಿ ನಿಂತರು, ಕುರ್ಚಿ ಎತ್ತಿಟ್ಟರು, ಚಹಾ ಕುಡಿದರು, ಹೋದರು. ಎಲ್ಲರದೂ ಸೊನ್ನೆಯೇ. ಅಮ್ಮ ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು. ಯಾರನ್ನು ನೋಡುತ್ತೀಯಮ್ಮ ಅಂತ ಕೇಳಿದೆ. ಯಾರನ್ನೂ ಇಲ್ಲ ಅಂದಳು.

ನೀವು ದಂಡವಾಗಿಯೇ ಬನ್ನಿ ಮಾವ, ಆದರೆ ಬನ್ನಿ. ಆಮೇಲೆ ಅವಳು ಬೈಯಬೇಕೆಂದರೂ ದನಿ ಇರುತ್ತದೋ ಇಲ್ಲವೋ.

ತಂಗಿಮಗಳು


೭ ಮಾರ್ಚ್
(ಕಾರ್ಡು)

ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಅವಳಿಗೆ ಹೇಳಬೇಡ. ಇದೇನಾದರೂ ನಿನ್ನ ತಮಾಷೆಯಾಗಿದ್ದರೆ ನಿನ್ನ ಎಡಗಿವಿಯನ್ನೂ ಈ ಸಲ ಬಲಕ್ಕೆ ತಿರುಗಿಸುತ್ತೇನೆ. — ಮಾವ


೫ ಏಪ್ರಿಲ್

ತಂಗಿಮಗಳಿಗೆ ಆಶೀರ್ವಾದ.

ಕ್ಷೇಮವಾಗಿ ಊರು ಸೇರಿದೆ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನೀನು ಒಂದೇ ಪ್ರಶ್ನೆ ಕೇಳಿದೆ, ಆ ಗುರುವಾರ ಕಿಟಕಿಯ ಹತ್ತಿರ ಏನಾಯಿತು ಅಂತ. ಎದುರಿಗೆ ಹೇಳಿದರೆ ನೀನು ಅದನ್ನು ನಾಟಕ ಮಾಡಿ ವಾರ್ಡಿನ ನರ್ಸುಗಳಿಗೆಲ್ಲ ತೋರಿಸುತ್ತಿದ್ದೆ. ಅದಕ್ಕೇ ಸುಮ್ಮನಿದ್ದೆ. ಈಗ ಬರೆಯುತ್ತೇನೆ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ನಿಂತೇ ಬಂದೆ. ಇಳಿದು ಚೀಲ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳುವಾಗ ತಲೆಯ ಮೇಲಿನ ಧ್ವನಿವರ್ಧಕದಲ್ಲಿ ಅವಳ ದನಿ ಬಂತು. ನಾನು ಬಂದ ಬಸ್ಸನ್ನೇ ಕೂಗುತ್ತಿದ್ದಳು, ಬಂದು ನಿಂತಿದೆ, ಎರಡನೇ ಪ್ಲಾಟ್‌ಫಾರಂ ಅಂತ. ಕೊನೆಯ ಪದ ಸೀಳಿಹೋಯಿತು. ಚಿಕ್ಕಂದಿನಲ್ಲಿ ಬೀದಿಯ ಆ ಕೊನೆಯಿಂದ 'ಅಣ್ಣಾ' ಅಂತ ಕೂಗಿದರೆ ಈ ಕೊನೆಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು, ಅಂಥ ದನಿ. ಆ ಕಂಬದ ಕೆಳಗೆ ಎಷ್ಟು ಹೊತ್ತು ನಿಂತಿದ್ದೆನೋ. ಇನ್ನೂ ಕೆಲವು ಬಸ್ಸು ಕೂಗಿದಳು, ಎಲ್ಲ ಕೇಳಿದೆ.

ಆಮೇಲೆ ಹೋಗಿ ಕಿಟಕಿಯ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಅವಳು ತಲೆ ಎತ್ತದೆ ಎಲ್ಲಿಗೆ ಅಂತ ಕೇಳಿದಳು. ನಾನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ. ಹಿಂದಿದ್ದ ಟ್ರಂಕಿನವನು ಬೇಗ ಹೇಳಿ ಯಜಮಾನರೇ ಅಂತ ಗೊಣಗಿದ. ಕೊನೆಗೆ ಅಂದೆ:

'ಎಲ್ಲಿಗೂ ಇಲ್ಲ. ಬಂದದ್ದು.'

ತಲೆ ಎತ್ತಿದಳು. ನೋಡಿದಳು. ಬೈಗುಳಕ್ಕೆ ನಾನು ಸಿದ್ಧವಾಗಿಯೇ ಹೋಗಿದ್ದೆ, ಮನಸ್ಸಿನಲ್ಲಿ ಉತ್ತರಗಳನ್ನೂ ಜೋಡಿಸಿಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

'ಊಟ ಆಯ್ತಾ ಅಣ್ಣ?'

ಮೈಕು ಆರಿಸಿರಲಿಲ್ಲ. ಇಡೀ ನಿಲ್ದಾಣಕ್ಕೆ ಕೇಳಿಸಿತು. ಮೂಟೆ ಹೊರುವವರು, ಬಸ್ಸು ಹತ್ತುತ್ತಿದ್ದವರು, ಎಲ್ಲರೂ ತಿರುಗಿ ನೋಡಿದರು. ಟಿಕೆಟ್ ಕೌಂಟರಿನವಳು ಎದ್ದುನಿಂತು ನೋಡಿದಳು. ಟ್ರಂಕಿನವನು ಮಾತ್ರ ಇನ್ನೂ ಆಗಿಲ್ಲಮ್ಮ ಅಂದ, ಅವನನ್ನೇ ಕೇಳಿದ್ದು ಅಂದುಕೊಂಡ.

ಅವಳ ಪಾಳಿ ಮುಗಿದಮೇಲೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಸೀಟು ಸಿಗದ ಕಥೆ ಹೇಳಿಕೊಂಡೆ. ಅಲ್ಲಿ ನಾನೇ ವಿಷಯ ತೆಗೆದೆ. ಆ ಪತ್ರದಲ್ಲಿ ನೀನು ಬರೆದದ್ದು ದಡ ಅಂತಲಂತೆ, ಸೊನ್ನೆ ಹೇಗೋ ಬಂದು ಸೇರಿಕೊಂಡಿತಂತೆ, ಹೌದೇನೇ ಅಂತ ಕೇಳಿದೆ. ನನ್ನನ್ನೇ ನೋಡಿದಳು, ಆಮೇಲೆ ನನ್ನ ಚೀಲವನ್ನು ನೋಡಿದಳು. 'ಹೂಂ' ಅಂದಳು.

ನಾನು ಸೋತೆ. ಭೂತಗನ್ನಡಿ ಹೇಳಿದ್ದು ಸುಳ್ಳು, ನಿನ್ನ ಅಡ್ಡಾದಿಡ್ಡಿ ಮಾತೇ ನಿಜ. ನಿನಗೆ ಇದನ್ನು ಬರೆದು ಕೊಡುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ತಿಳಿಯಲಿ.

ಈಗ ಆ ಕಾಗದ ಮೇಜಿನ ಮೇಲಿದೆ. ಬ್ಲೇಡು ತಂದಿಟ್ಟುಕೊಂಡಿದ್ದೇನೆ. ಆ ಸೊನ್ನೆಯನ್ನು ನಯವಾಗಿ ಕೆರೆದು ತೆಗೆದು, ಇದ್ದದ್ದು ಇದ್ದ ಹಾಗೆ ಮಾಡಿ, ಮತ್ತೆ ಗಾಜಿನ ಕೆಳಗೆ ಇಡಬೇಕು ಅಂತ ಆಸೆ. ಆದರೆ ಒಂದು ಸಣ್ಣ ಅನುಮಾನ. ಆ 'ಹೂಂ' ಬರಲು ಸ್ವಲ್ಪ ಹೊತ್ತಾಯಿತು. ನಿನಗೇನಾದರೂ ಗೊತ್ತಿದ್ದರೆ ಬರೆ. ಅಲ್ಲಿಯವರೆಗೆ ಬ್ಲೇಡು ಮುಟ್ಟುವುದಿಲ್ಲ.

ಅವಳ ದನಿ ಹೇಗಿದೆ?

ಇತಿ,
ಮಾವ


೧೪ ಏಪ್ರಿಲ್

ಮಾವ,

ಮೊದಲು ಅಮ್ಮನ ವಿಷಯ. ಡಾಕ್ಟರು ಮತ್ತೆ ಗಂಟಲು ನೋಡಿದರು. ನರಕ್ಕೆ ಏಟು ಬಿದ್ದಿಲ್ಲ, ಬಾವು ಇದೆ ಅಂದರು. ಇನ್ನೊಂದು ತಿಂಗಳು ಪಿಸುಮಾತೂ ಆಡಬಾರದು, ಆಮೇಲೆ ನೋಡೋಣ ಅಂದಿದ್ದಾರೆ. ಅವಳು ಸ್ಲೇಟು ಹಿಡಿದುಕೊಂಡು ಓಡಾಡುತ್ತಾಳೆ. ಬಾಯಿಗಿಂತ ಸ್ಲೇಟಿನಲ್ಲೇ ಹೆಚ್ಚು ಬೈಯುತ್ತಾಳೆ. ನಿನ್ನೆ 'ಗ್ಯಾಸ್' ಅಂತ ಬರೆದು ನನ್ನ ತಲೆಗೇ ಕುಟ್ಟಿದಳು, ಹಾಲು ಉಕ್ಕುತ್ತಿತ್ತು.

ಬ್ಲೇಡು ಒಳಗಿಡಿ. ಹಳೇ ಕಾಗದ, ಸೊನ್ನೆ ಕೆರೆದರೆ ಅಲ್ಲೊಂದು ತೂತು ಬೀಳುತ್ತದೆ. ತೂತೂ ದುಂಡಗೇ ಇರುತ್ತದೆ.

ನಿಮ್ಮ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಟ್ರಂಕಿನವನ ಹತ್ತಿರ ಬಂದಾಗ ನಗು ತಡೆಯಲು ಕತ್ತು ಹಿಡಿದುಕೊಂಡಳು. ಕೊನೆಗೆ ಬಂದಾಗ ಸ್ಲೇಟು ತೆಗೆದು ಬರೆದಳು: 'ಅದೇನೇ ದಡ? ಅವತ್ತೂ ಅದೇ ಕೇಳಿದ. ನನಗೆ ತಲೆಬುಡ ತಿಳಿಯಲಿಲ್ಲ.'

ಹೇಳಲೇಬೇಕಾಯಿತು, ಹೇಳಿದೆ. ಎದ್ದು ಹೋಗಿ ಹೊಸ ಬಳಪ ತಂದಳು. ಆಮೇಲೆ ಬರೆದಳು: 'ದಂಡ ಅಂತಲೇ ಬರೆದೆ. ಬೇಕಂತಲೇ.' ಮತ್ತೆ ಮಾವನ ಮುಂದೆ ಹೂಂ ಅಂದದ್ದು ಯಾಕೆ ಅಂತ ಕೇಳಿದೆ. ಸೆರಗಿನಲ್ಲಿ ಸ್ಲೇಟು ಒರೆಸಿ, 'ಅಷ್ಟು ದೂರ ನಿಂತುಕೊಂಡೇ ಬಂದಿದ್ದ ಕಣೇ' ಅಂತ ಬರೆದಳು. ಅದನ್ನೂ ಒರೆಸಿ ಒಳಗೆ ಹೋದಳು.

ಜನವರಿಯಲ್ಲಿ ನಾನು ಅವಳನ್ನು ಏನೂ ಕೇಳಿರಲಿಲ್ಲ, ಮಾವ. ಕೇಳುವ ಧೈರ್ಯ ಇರಲಿಲ್ಲ. ದಡ ನಾನು ಕಟ್ಟಿದ್ದು.

ನಿಮ್ಮ,
ತಂಗಿಮಗಳು